ಮೈಯಲ್ಲಿ ಲೋಹ ಏನಾದ್ರೂ ಇದೆಯಾ?

ಸ್ಕ್ಯಾನ್ ಸೆಂಟರಿನ ಹುಡುಗಿ ಈ ಪ್ರಶ್ನೆ ಕೇಳಿದ್ದು ಅಪ್ಪನನ್ನ. ಉತ್ತರ ಕೊಟ್ಟವಳು ನಾನು.

"ಇಲ್ಲ."

ಫಾರಂ ನನ್ನ ಕೈಯಲ್ಲೇ ಇತ್ತು. ಪೇಸ್‌ಮೇಕರ್? ಇಲ್ಲ. ಸ್ಟೆಂಟ್? ಇಲ್ಲ. ಕೃತಕ ಕೀಲು? ಇಲ್ಲ. ಕಿವಿಗೆ ಮಷೀನು? ಇಲ್ಲ. ಆಫೀಸಿನಲ್ಲಿ ವರ್ಷಕ್ಕೊಂದು ಸಲ ಬರೋ ಕಂಪ್ಲಯನ್ಸ್ ಟ್ರೈನಿಂಗಿಗೆ ಹೇಗೆ ಕಣ್ಣುಮುಚ್ಚಿ ಟಿಕ್ ಹಾಕ್ತೀವೋ ಹಾಗೇ ಹಾಕ್ತಾ ಹೋಗ್ತಿದ್ದೆ. ಅಪ್ಪನ ಬಗ್ಗೆ ನನಗೆ ಗೊತ್ತಿಲ್ಲದೇ ಇರೋದು ಏನಿದೆ? ಅರವತ್ತೈದು ವರ್ಷದ, ಬಂಗಾರಪೇಟೆಯ, ಮಾತು ಕಮ್ಮಿಯ ಮನುಷ್ಯ.

ಅಪ್ಪ ಕೆಮ್ಮಿದರು. ಆಮೇಲೆ ಮೆಲ್ಲಗೆ, "ಇದೆ ಕಣಮ್ಮ" ಅಂದರು.

ಹುಡುಗಿ ಪೆನ್ನು ಕೆಳಗಿಟ್ಟಳು.

"ಎಡಗಣ್ಣಿನ ಹತ್ರ. ಉಕ್ಕಿನ ಚೂರು. ತೆಗೆಸ್ಲಿಲ್ಲ."

ಮೂರು ವಾರದಿಂದ ಅಪ್ಪನಿಗೆ ತಲೆ ಸುತ್ತು. ಒಂದೆರಡು ಸಲ ಬಲಗೈಯಲ್ಲಿ ಹಿಡಿದ ಕಾಫಿ ಲೋಟ ಜಾರಿ ಬಿದ್ದಿತ್ತು. ಡಾಕ್ಟರು ಮಿದುಳಿನ ಎಂಆರ್‌ಐ ಬರೆದುಕೊಟ್ಟಿದ್ದರು. ನಾನು ಅರ್ಧ ದಿನ ರಜೆ ಹಾಕಿ, ಮಧ್ಯಾಹ್ನದ ಮೀಟಿಂಗಿಗೆ ಫೋನಿನಿಂದಲೇ ಸೇರ್ಕೊಳ್ತೀನಿ ಅಂತ ಟೀಮಿಗೆ ಮೆಸೇಜ್ ಹಾಕಿ ಕರ್ಕೊಂಡು ಬಂದಿದ್ದೆ. ಆ ಮೀಟಿಂಗಿಗೆ ಸೇರಲಿಲ್ಲ. ಮೊದಲು ಕಣ್ಣಿಗೆ ಎಕ್ಸ್‌ರೇ ತೆಗೆದರು. ಕಪ್ಪು ಫಿಲಂ ಮೇಲೆ, ಕಣ್ಣಿನ ಗೂಡಿನ ಅಂಚಲ್ಲಿ, ಸಾಸಿವೆಗಿಂತ ಸಣ್ಣದಾದ ಒಂದು ಬಿಳಿ ಚುಕ್ಕೆ. ರೇಡಿಯಾಲಜಿಸ್ಟ್ ಅದನ್ನ ತೋರಿಸಿ, "ಅಪ್ಪ ಬಾಯಿ ಬಿಟ್ಟಿದ್ದು ಒಳ್ಳೇದಾಯ್ತು. ಎಂಆರ್‌ಐ ಬೇಡ, ಸಿಟಿ ಮಾಡೋಣ" ಅಂದರು.

ಯಾಕೆ ಬೇಡ ಅನ್ನೋದನ್ನ ಆ ರಾತ್ರಿ ಕೂತು ಓದಿದೆ. ಆ ಯಂತ್ರದ ಅಯಸ್ಕಾಂತ 1.5 ಟೆಸ್ಲಾ. ನಾವು ಓಡಾಡೋ ಭೂಮಿಯ ಕಾಂತಕ್ಷೇತ್ರದ 30 ಸಾವಿರ ಪಟ್ಟಿಗೂ ಹೆಚ್ಚು. ಸ್ಕ್ಯಾನ್ ನಡೀತಿದ್ರೂ ಇಲ್ದಿದ್ರೂ ಅದು ಆನ್ ಆಗೇ ಇರತ್ತೆ. ಆ ಸುರಂಗದ ಬಾಯಿಯ ಹತ್ರ ಕ್ಷೇತ್ರ ಒಂದೊಂದು ಗೇಣಿಗೂ ಸರ್ರನೆ ಏರತ್ತೆ, ಕಬ್ಬಿಣವನ್ನ ಎಳೆಯೋದು ಆ ಏರು. ವರ್ಷಗಟ್ಟಲೆ ಸುಮ್ಮನೆ ಕೂತಿದ್ದ ಚೂರು ಅಲ್ಲಿ ಹೊರಳಬಹುದು, ಜರುಗಬಹುದು. ಪಕ್ಕದಲ್ಲೇ ಕಣ್ಣುಗುಡ್ಡೆ.

ನನ್ನ ಒಂದು ಟಿಕ್ ಮಾರ್ಕು. ಅಷ್ಟೇ ಸಾಕಿತ್ತು.

*

ಅಪ್ಪನ ಬಗ್ಗೆ ನನಗಿದ್ದ ದೊಡ್ಡ ಸಿಟ್ಟನ್ನ ಇಲ್ಲಿ ಹೇಳಿಬಿಡ್ತೀನಿ. ಅವರು ಚಾಂಪಿಯನ್ ರೀಫ್‌ನಲ್ಲಿ ಎಲೆಕ್ಟ್ರಿಕಲ್ ಕಡೆ ಕೆಲಸ ಮಾಡ್ತಿದ್ದರು. ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆ ಹೋಗೋ ರೈಲು ಹಿಡಿದು ಹೋಗಿ ಬರೋರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. 1880ರಲ್ಲಿ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಶುರುವಾಗಿದ್ದು, ನೂರಿಪ್ಪತ್ತು ವರ್ಷ ನಡೆದಿದ್ದು, ಆವತ್ತಿಗೆ ಖಲಾಸ್. ನನಗಾಗ ಹದಿನಾಲ್ಕು. ಊರೆಲ್ಲಾ ಧರಣಿ, ಮೆರವಣಿಗೆ. ನನ್ನ ಕ್ಲಾಸಿನ ಹುಡುಗಿಯರ ಅಪ್ಪಂದಿರೆಲ್ಲ ಬೀದಿಗಿಳಿದಿದ್ದರು. ನಮ್ಮಪ್ಪ ಮಾತ್ರ ಆ ಯೂನಿಯನ್ನೂ ಅಲ್ಲ, ಈ ಯೂನಿಯನ್ನೂ ಅಲ್ಲ. ಯಾರು ಬಂದು ಏನು ಹೇಳಿದರೂ "ನೋಡೋಣ" ಅನ್ನೋರು. ಕೆಲವು ವಾರಕ್ಕೇ ವೈಟ್‌ಫೀಲ್ಡ್ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಹಿಡಿದು, ಕೆಜಿಎಫ್‌ನಿಂದ ದಿನಾ ಬೆಂಗಳೂರಿಗೆ ಹೋಗೋ ಸಾವಿರಾರು ಜನರ ಜತೆ ಬೆಳಗಿನ ಜಾವದ ರೈಲು ಹತ್ತಿದರು.

ಪಿಯುಸಿಯಲ್ಲಿದ್ದಾಗ ಒಂದು ದಿನ ಜಗಳದಲ್ಲಿ ಹೇಳಿದ್ದೆ: "ನೀನು ನ್ಯೂಟ್ರಲ್ ಅಪ್ಪಾ. ನಿನ್ನ ಮೇಲೆ ಏನೂ ಕೆಲಸ ಮಾಡಲ್ಲ. ಯಾವುದಕ್ಕೂ ಕದಲಲ್ಲ."

ಫಿಸಿಕ್ಸ್ ಆಗತಾನೇ ಓದ್ತಿದ್ದೆ, ಪದ ನಾಲಿಗೆ ಮೇಲಿತ್ತು. ಅಪ್ಪ ಏನೂ ಹೇಳಲಿಲ್ಲ. ಏನೂ ಹೇಳದೇ ಇರೋದು ನನ್ನ ವಾದಕ್ಕೆ ಸಾಕ್ಷಿ ಅಂತ ಅಂದ್ಕೊಂಡೆ.

ಈಗ ಆ ಪದವನ್ನೇ ಸ್ವಲ್ಪ ಬಿಡಿಸಿ ನೋಡೋಣ. ನನಗೆ ಆಗ ಫಿಸಿಕ್ಸೂ ಸರಿಯಾಗಿ ಗೊತ್ತಿರಲಿಲ್ಲ.

ನ್ಯೂಟ್ರಲ್ ಅಂದರೆ ಒಟ್ಟು ಚಾರ್ಜು ಸೊನ್ನೆ ಅಂತ ಅಷ್ಟೇ. ಒಳಗೆ ಏನೂ ಇಲ್ಲ ಅಂತಲ್ಲ. ನಮ್ಮ ಮೈಯಲ್ಲಿರೋ ನೀರು ನ್ಯೂಟ್ರಲ್. ಆದರೂ ಎಂಆರ್‌ಐ ಕೆಲಸ ಮಾಡೋದೇ ಆ ನೀರಿನ ಮೇಲೆ. ನೀರಿನಲ್ಲಿರೋ ಹೈಡ್ರೋಜನ್ನಿನ ನ್ಯೂಕ್ಲಿಯಸ್ಸು ಒಂದು ಪುಟಾಣಿ ಅಯಸ್ಕಾಂತ. 1.5 ಟೆಸ್ಲಾದಲ್ಲಿ ಅದು ಬುಗುರಿ ಥರ ಸೆಕೆಂಡಿಗೆ ಸುಮಾರು 6.4 ಕೋಟಿ ಸಲ ತಲೆ ತಿರುಗಿಸತ್ತೆ. ಅಂದರೆ 64 ಮೆಗಾಹರ್ಟ್ಸ್, ನಮ್ಮ ಎಫ್‌ಎಂ ಸ್ಟೇಷನ್‌ಗಳಿಗಿಂತ ಸ್ವಲ್ಪ ಕೆಳಗೆ. ಅದೇ ಸ್ವರದ ರೇಡಿಯೋ ಅಲೆ ಕಳಿಸಿದರೆ ಅದು ತಿರುಗಿ ಉತ್ತರ ಕೊಡತ್ತೆ. ಚಿತ್ರ ಬರೋದು ಆ ಉತ್ತರಗಳಿಂದ.

1922ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಸ್ಟರ್ನ್ ಮತ್ತು ಗೆರ್ಲಾಕ್ ಅನ್ನೋರು ಬೆಳ್ಳಿಯ ಪರಮಾಣುಗಳನ್ನ ಏರುಪೇರಾದ ಕಾಂತಕ್ಷೇತ್ರದಲ್ಲಿ ಹಾಯಿಸಿದರು. ಪರಮಾಣು ನ್ಯೂಟ್ರಲ್. ಆದರೂ ಸಾಲು ಎರಡಾಗಿ ಸೀಳಿತು. 1997ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 16 ಟೆಸ್ಲಾದ ಅಯಸ್ಕಾಂತದೊಳಗೆ ಒಂದು ಜೀವಂತ ಕಪ್ಪೆಯನ್ನ ಗಾಳಿಯಲ್ಲಿ ತೇಲಿಸಿದರು. ಯಾರು ಬೇಕಾದರೂ ನೋಡಬಹುದಾದ ವಿಡಿಯೋ ಅದು. ಕಪ್ಪೆಯಲ್ಲಿ ಇರೋದು ಬಹುಪಾಲು ನೀರು, ನೀರು ಕಾಂತಕ್ಷೇತ್ರವನ್ನ ಒಂಚೂರೇ ಚೂರು ದೂರ ತಳ್ಳತ್ತೆ. ಕ್ಷೇತ್ರ ಜೋರಾಗಿದ್ದರೆ ಆ ಒಂಚೂರೇ ಸಾಕು. ಇನ್ನು ನ್ಯೂಟ್ರಾನ್. ಹೆಸರೇ ನ್ಯೂಟ್ರಲ್ ಅಂತ ಹೇಳತ್ತೆ. ಒಳಗೆ ನೋಡಿದರೆ ಪ್ಲಸ್ಸು ಮೈನಸ್ಸಿನ ಕ್ವಾರ್ಕುಗಳು, ಲೆಕ್ಕ ಕೂಡಿದರೆ ಸೊನ್ನೆ. ಅದಕ್ಕೂ ಕಾಂತಗುಣ ಇದೆ. ತುಂಬಾ ನಿಧಾನದ ನ್ಯೂಟ್ರಾನುಗಳನ್ನ ಅಯಸ್ಕಾಂತದ ಬಾಟಲಿಯಲ್ಲೇ ಹಿಡಿದಿಟ್ಟು, ಸುಮಾರು ಹದಿನೈದು ನಿಮಿಷದ ಅವುಗಳ ಆಯಸ್ಸನ್ನ ಅಳೀತಾರೆ.

ಕದಲಲ್ಲ ಅಂತ ನಾನು ಹೇಳಿದ್ದು ಹಾಗಾಗಿ ತಪ್ಪು. ಕದಲೋದನ್ನ ನೋಡೋವಷ್ಟು ಹತ್ತಿರ ನಾನು ಹೋಗಿರಲಿಲ್ಲ.

*

ಸಿಟಿ ಮುಗಿಸಿ ಬಂಗಾರಪೇಟೆಗೆ ವಾಪಸು ಹೋಗುವಾಗ ಕಾರಲ್ಲಿ ಕೇಳಿದೆ. "ಯಾವಾಗ ಆಗಿದ್ದು?"

"ಎಂಬತ್ತೈದು. ಮದ್ವೆ ಆಗಿ ಮೂರು ತಿಂಗ್ಳು."

ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೀತಿದ್ದರಂತೆ. ಕನ್ನಡಕ ಜೇಬಲ್ಲಿತ್ತಂತೆ. "ತಪ್ಪು ನಂದೇ. ಸೆಕೆ ಅಂತ ಹಾಕ್ಕೊಂಡಿರ್ಲಿಲ್ಲ." ಉಳಿಯ ತಲೆಯಿಂದ ಸಿಡಿದ ಚೂರು ಒಳಗೆ ಹೋಯಿತು. ರಕ್ತ ಸ್ವಲ್ಪವೇ ಬಂತು. ಕಣ್ಣು ಕಾಣ್ತಿತ್ತು. ಹೇಳಿದರೆ ಅನ್‌ಫಿಟ್ ಅಂತ ಬರೆದುಬಿಟ್ಟರೆ ಅನ್ನೋ ಭಯ. ಹೊಸ ಹೆಂಡತಿ, ಇಬ್ಬರು ತಂಗಿಯರ ಮದುವೆ ಬಾಕಿ. ಯಾರಿಗೂ ಹೇಳಲಿಲ್ಲ. ಅಮ್ಮನಿಗೂ. ಮೂವತ್ತೆಂಟು ವರ್ಷ.

"ನೋವಾಗಲ್ವಾ?"

"ಚಳಿಗಾಲ್ದಲ್ಲಿ ಒಂದೊಂದ್ ಸಲ."

ಹೊಸಕೋಟೆ ದಾಟಿದ ಮೇಲೆ ತಾವಾಗೇ ಇನ್ನೊಂದು ಮಾತು ತೆಗೆದರು. ನಾನು ಆ ಥರ ಅವರು ಮಾತಾಡಿದ್ದನ್ನ ಕೇಳಿದ್ದೇ ಕಮ್ಮಿ. "ಆವಾಗ ಕೆಳಗಡೆ ಬಾಂಬೆಯೋರ ಲ್ಯಾಬ್ ಇತ್ತು ನೋಡು. ಟಾಟಾ ಇನ್‌ಸ್ಟಿಟ್ಯೂಟ್‌ನೋರು. ಬರೀ ಕಬ್ಬಿಣದ ಪ್ಲೇಟು. ಟನ್ನುಗಟ್ಲೆ. ಕೇಜಲ್ಲಿ ಇಳಿಸೋಕೆ ನಮ್ಮನ್ನೂ ಒಂದೆರಡು ದಿನ ಕಳ್ಸಿದ್ರು. ಒಬ್ರನ್ನ ಕೇಳ್ದೆ, ಏನ್ ಸಾರ್ ಹುಡುಕ್ತಿದೀರಾ ಅಂತ. ಕಾಣದೇ ಇರೋದನ್ನ ಅಂದ್ರು."

ಅಪ್ಪ ನಕ್ಕರು. "ಚಿನ್ನ ಬಿಟ್ಟು ಅಲ್ಲಿ ಇನ್ನೇನಿದೆ ಅಂತ ನಮಗೆ."

ಇನ್ನೇನಿತ್ತು ಅಂದರೆ, ಮೌನ. ಆಕಾಶದಿಂದ ಸದಾ ಸುರಿಯೋ ಕಾಸ್ಮಿಕ್ ಕಿರಣಗಳ ಗದ್ದಲವನ್ನ ತಡೆಯೋಕೆ ಕಿಲೋಮೀಟರುಗಟ್ಟಲೆ ಕಲ್ಲು ಬೇಕು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿ. ಭಾಭಾ ಅವರ ಪ್ರೇರಣೆಯಿಂದ 1950ರ ದಶಕದ ಶುರುವಿನಲ್ಲೇ ಬಿ.ವಿ. ಶ್ರೀಕಂಠನ್ ಕೆಜಿಎಫ್‌ಗೆ ಬಂದು, ಬೇರೆ ಬೇರೆ ಆಳದಲ್ಲಿ ಮ್ಯೂಆನ್ ಅನ್ನೋ ಕಣಗಳನ್ನ ಎಣಿಸಿದರು. ಇಳಿದಷ್ಟೂ ಎಣಿಕೆ ಕಮ್ಮಿ. 1960ರ ಹೊತ್ತಿಗೆ ಸುಮಾರು 2,760 ಮೀಟರ್ ಆಳದಲ್ಲಿ ಉಪಕರಣ ಇಟ್ಟು ಎರಡು ತಿಂಗಳು ಕಾದರು. ಒಂದೇ ಒಂದು ಮ್ಯೂಆನೂ ಸಿಗಲಿಲ್ಲ.

ನಮ್ಮ ಆಫೀಸಲ್ಲಾಗಿದ್ದರೆ ಎರಡು ತಿಂಗಳು ಸೊನ್ನೆ ಬಂದ ಡ್ಯಾಶ್‌ಬೋರ್ಡಿಗೆ ಪ್ರಾಜೆಕ್ಟೇ ಮುಚ್ಚಿಬಿಡ್ತಿದ್ದರು. ಅವರು ಖುಷಿಪಟ್ಟರು. ಇಷ್ಟು ಸದ್ದಿಲ್ಲದ ಜಾಗದಲ್ಲಿ ನ್ಯೂಟ್ರಿನೋ ಏನಾದರೂ ಕಲ್ಲಿಗೆ ತಗುಲಿ ಸದ್ದು ಮಾಡಿದರೆ ಕೇಳಿಸತ್ತೆ ಅನ್ನೋದು ಲೆಕ್ಕ.

ನ್ಯೂಟ್ರಿನೋ ಅಂದರೆ ನ್ಯೂಟ್ರಲ್‌ಗಳಲ್ಲೇ ಮಹಾ ನ್ಯೂಟ್ರಲ್. ಚಾರ್ಜಿಲ್ಲ. ನ್ಯೂಟ್ರಾನಿನ ಹಾಗೆ ಒಳಗೆ ಬಚ್ಚಿಟ್ಟುಕೊಂಡ ಪ್ಲಸ್ಸು ಮೈನಸ್ಸೂ ಇಲ್ಲ. ಅದಕ್ಕೆ ಕಾಂತಗುಣ ಏನಾದರೂ ಇದೆಯಾ ಅಂತ ಹುಡುಕಿದವರಿಗೆಲ್ಲ ಇಲ್ಲಿವರೆಗೂ ಸಿಕ್ಕಿರೋದು 'ಇದ್ದರೂ ಇದಕ್ಕಿಂತ ಕಮ್ಮಿ' ಅನ್ನೋ ಮಿತಿ ಮಾತ್ರ. ಸೂರ್ಯನಿಂದ ಬರೋ ನ್ಯೂಟ್ರಿನೋಗಳು ಸೆಕೆಂಡಿಗೆ 6,000 ಕೋಟಿಗೂ ಹೆಚ್ಚು ನಿಮ್ಮ ಉಗುರಿನಷ್ಟು ಜಾಗದಲ್ಲಿ ಹಾದುಹೋಗ್ತಿವೆ, ಇದನ್ನ ಓದ್ತಿರುವಾಗಲೂ. ಗೊತ್ತಾಗತ್ತಾ? ಇಲ್ಲ.

1965ರಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯಗಳ ತಂಡಕ್ಕೆ ಅದು ಗೊತ್ತಾಯಿತು. ಎಂ.ಜಿ.ಕೆ. ಮೆನನ್, ಶ್ರೀಕಂಠನ್, ರಮಣಮೂರ್ತಿ, ನರಸಿಂಹಂ, ಮಿಯಾಕೆ, ವುಲ್ಫೆಂಡೇಲ್ ಇವರೆಲ್ಲ ಇದ್ದ ತಂಡ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಸುತ್ತಲಿನ ಕಲ್ಲಿಗೆ ಬಡಿದು ಎಬ್ಬಿಸಿದ ಮ್ಯೂಆನನ್ನ ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ರೈನ್ಸ್ ಎಂಬುವರ ತಂಡವೂ ಹಿಡಿಯಿತು. ಅವರ ಕಣ್ಣಿಗೆ ಬಿದ್ದಿದ್ದು ಕೆಲವು ವಾರ ಮೊದಲು, ಪತ್ರಿಕೆಯಲ್ಲಿ ಅಚ್ಚಾಗಿದ್ದು ಕೆಜಿಎಫ್‌ನದು ಮೊದಲು. ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಇಳಿದು ಹತ್ತೋ ಊರಲ್ಲಿ ಬೆಳೆದ ನನಗೆ ಇದನ್ನ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ಹಾಗಾದರೆ ಕಬ್ಬಿಣ ಯಾಕೆ? ಅಯಸ್ಕಾಂತ ನ್ಯೂಟ್ರಿನೋಗೆ ಏನೂ ಮಾಡಲ್ಲ. ಆದರೆ ಅದು ಹೊಡೆದೆಬ್ಬಿಸಿದ ಮ್ಯೂಆನಿಗೆ ಚಾರ್ಜಿದೆ, ಕಾಂತೀಕರಿಸಿದ ಕಬ್ಬಿಣದೊಳಗೆ ಅದರ ದಾರಿ ಬಾಗತ್ತೆ. ಎಷ್ಟು ಬಾಗಿತು ಅನ್ನೋದರಿಂದ ಸಂವೇಗದ ಅಂದಾಜು, ಯಾವ ಕಡೆ ಬಾಗಿತು ಅನ್ನೋದರಿಂದ ಪ್ಲಸ್ಸೋ ಮೈನಸ್ಸೋ. ಕೆಜಿಎಫ್‌ನಲ್ಲಿ ಆಮೇಲೆ ಇಟ್ಟ ಕೆಲವು ಉಪಕರಣಗಳಲ್ಲಿ ಇಂಥ ಕಬ್ಬಿಣದ ಅಯಸ್ಕಾಂತಗಳಿದ್ದವು. ಮುಟ್ಟಲಾಗದ್ದನ್ನ, ಅದು ಮುಟ್ಟಿದ ಇನ್ನೊಂದರ ಗುರುತಿನಿಂದ ಓದೋದು. ಮುಂದೆ ತಮಿಳುನಾಡಿನ ತೇನಿ ಜಿಲ್ಲೆಯ ಬೆಟ್ಟದೊಳಗೆ ಕಟ್ಟಬೇಕು ಅಂತ ಯೋಜಿಸಿದ, ಇನ್ನೂ ಕಟ್ಟದ ನ್ಯೂಟ್ರಿನೋ ವೀಕ್ಷಣಾಲಯದ ಲೆಕ್ಕವೂ ಇದೇ: 50,000 ಟನ್ ಕಾಂತೀಕರಿಸಿದ ಕಬ್ಬಿಣ.

ಅಪ್ಪ ಇಳಿಸಿದ ಪ್ಲೇಟುಗಳು ಬೇರೆ ಪ್ರಯೋಗದವು. ಪ್ರೋಟಾನ್ ತಾನಾಗೇ ಸಾಯತ್ತಾ ಅಂತ ನೋಡೋಕೆ 1980ರಲ್ಲಿ 140 ಟನ್ನಿನ ಉಪಕರಣ ಶುರುವಾಗಿತ್ತು. ಎಂಬತ್ತರ ದಶಕದ ಮಧ್ಯದಲ್ಲಿ ಸುಮಾರು 2 ಕಿಲೋಮೀಟರ್ ಆಳದಲ್ಲಿ 260 ಟನ್ನಿನ ಇನ್ನೊಂದು. ಕೆಲವು ಗುರುತುಗಳನ್ನ ನೋಡಿ ಪ್ರೋಟಾನ್ ಸತ್ತಿರಬಹುದು ಅಂದರು. ಜಗತ್ತಿನ ಬೇರೆ ಕಡೆಯ ಇನ್ನೂ ದೊಡ್ಡ ಉಪಕರಣಗಳು ಅದನ್ನ ಒಪ್ಪಲಿಲ್ಲ. ಉತ್ತರ ಮಾತ್ರವೇ ಅಥವಾ ದಕ್ಷಿಣ ಮಾತ್ರವೇ ಇರೋ ಒಂಟಿ ಕಾಂತಧ್ರುವವನ್ನೂ ಅಲ್ಲೇ ಹುಡುಕಿದರು. ಸಿಗಲಿಲ್ಲ. 1990ರ ದಶಕದ ಶುರುವಿನಲ್ಲಿ ಲ್ಯಾಬು ಮುಚ್ಚಿತು. ಗಣಿ ಮುಚ್ಚಿದ ಮೇಲೆ ಪಂಪುಗಳು ನಿಂತು ಕೆಳಗೆಲ್ಲ ನೀರು.

*

ಸಿಟಿ ರಿಪೋರ್ಟು ಬಂತು. "ಗಮನಾರ್ಹವಾದುದೇನೂ ಕಾಣುತ್ತಿಲ್ಲ." ನಾನು ಉಸಿರುಬಿಟ್ಟೆ. ಡಾಕ್ಟರು ಬಿಡಲಿಲ್ಲ. "ಕಾಣ್ತಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ. ತುಂಬಾ ಸಣ್ಣ ಸ್ಟ್ರೋಕ್ ಆಗಿದ್ರೆ ಸಿಟಿಯಲ್ಲಿ ತಪ್ಪಿಹೋಗಬಹುದು. ಎಂಆರ್‌ಐಯಲ್ಲಿ ಸಿಗ್ತಿತ್ತು. ಮಾತ್ರೆ ಶುರು ಮಾಡೋಣ, ಗಮನ ಇಡಿ."

ಗಮನ ಇಡಿ. ಅಪ್ಪನ ಮೇಲೆ ಗಮನ ಇಡೋದು ನಾನು ಬಿಟ್ಟು ಇಪ್ಪತ್ತು ವರ್ಷ ಆಗಿತ್ತು.

ಈ 'ಏನೂ ಇಲ್ಲ' ಅನ್ನೋದರ ವಿಷಯಕ್ಕೆ ಬಂದರೆ, ಬಂಗಾರಪೇಟೆಯವರಿಗೆ ಅದನ್ನ ವಿವರಿಸೋದು ಸುಲಭ. ನಮ್ಮೂರ ಪಾನಿಪೂರಿ ತಿಂದಿದ್ದೀರಾ? ಈಗ ಬೆಂಗಳೂರಿನ ಬೀದಿಬೀದಿಯಲ್ಲೂ 'ಬಂಗಾರಪೇಟೆ ಚಾಟ್ಸ್' ಬೋರ್ಡಿದೆ. ಪಾನಿ ಹಸಿರಲ್ಲ, ಕಂದಲ್ಲ. ತಿಳಿನೀರು. ನನ್ನ ಕಲೀಗ್ ಒಬ್ಬಳು ಮೊದಲ ಸಲ ನೋಡಿ, "ಇದು ಬರೀ ನೀರಲ್ವಾ?" ಅಂದಳು. ಒಂದು ಬಾಯಿಗೆ ಹಾಕ್ಕೊಂಡ ಮೇಲೆ ಎರಡು ನಿಮಿಷ ಮಾತಾಡಲಿಲ್ಲ, ಕಣ್ಣಲ್ಲಿ ಧಾರಾಕಾರ.

ಖಾಲಿ ಜಾಗವೂ ಹಾಗೇ ಅಂತಾರೆ ಭೌತವಿಜ್ಞಾನಿಗಳು. ಗಾಳಿ ತೆಗೆದು, ಧೂಳು ತೆಗೆದು, ಎಲ್ಲಾ ತೆಗೆದ ಮೇಲೂ ಉಳಿಯೋ ನಿರ್ವಾತ ಬರೀ ನೀರಲ್ಲ. ಎಲೆಕ್ಟ್ರಾನು ಮತ್ತು ಅದರ ಎದುರುಜೋಡಿ ಪಾಸಿಟ್ರಾನು ಹುಟ್ಟಿ ಅಳಿಯೋ ಸಾಧ್ಯತೆ ಅದರಲ್ಲಿ ಸದಾ ಇರತ್ತೆ. 1936ರಲ್ಲಿ ಹೈಸನ್‌ಬರ್ಗ್ ಮತ್ತು ಹಾನ್ಸ್ ಆಯ್ಲರ್ ಇದರ ಲೆಕ್ಕ ಹಾಕಿದರು. ಜೋರಾದ ಕಾಂತಕ್ಷೇತ್ರ ಇಟ್ಟರೆ ನಿರ್ವಾತ ಒಂದು ಹರಳಿನ ಹಾಗೆ ವರ್ತಿಸಬೇಕು. ಕ್ಷೇತ್ರದ ದಿಕ್ಕಿಗೆ ಕಂಪಿಸೋ ಬೆಳಕು ಒಂದು ವೇಗದಲ್ಲಿ, ಅಡ್ಡಕ್ಕೆ ಕಂಪಿಸೋ ಬೆಳಕು ಒಂಚೂರು ಬೇರೆ ವೇಗದಲ್ಲಿ ಹೋಗಬೇಕು. ಬೆಳಕೂ ನ್ಯೂಟ್ರಲ್, ಅದಕ್ಕೆ ಅಯಸ್ಕಾಂತ ನೇರವಾಗಿ ಏನೂ ಮಾಡಲ್ಲ. ಮಾಡೋದು ನಡುವಿನ ಈ 'ಏನೂ ಇಲ್ಲ'ದ ಮೂಲಕ.

ಎಷ್ಟು ಜೋರು ಬೇಕು? ಪರಿಣಾಮ ಎದ್ದು ಕಾಣೋ ಗಡಿ ಸುಮಾರು 440 ಕೋಟಿ ಟೆಸ್ಲಾ. ಅಪ್ಪನನ್ನ ಹತ್ತಿರ ಬಿಡದ ಯಂತ್ರ 1.5. ಇಟಲಿಯ ಫೆರಾರಾದಲ್ಲಿ ಒಂದು ತಂಡ ಎರಡೂವರೆ ಟೆಸ್ಲಾದ ಅಯಸ್ಕಾಂತಗಳನ್ನ ತಿರುಗಿಸ್ತಾ, ಅದರೊಳಗೆ ಲೇಸರ್ ಬೆಳಕನ್ನ ಲಕ್ಷಾಂತರ ಸಲ ಹಿಂದಕ್ಕೂ ಮುಂದಕ್ಕೂ ಓಡಿಸಿ ಆ ಒಂಚೂರು ವ್ಯತ್ಯಾಸ ಹುಡುಕಿತು. ಸುಮಾರು 25 ವರ್ಷ. ಕೊನೆಗೂ ಅದು ಸದ್ದಿನೊಳಗಿಂದ ಹೊರಗೆ ಬರಲಿಲ್ಲ. 2020ರಲ್ಲಿ ಅವರು ಅಷ್ಟೂ ವರ್ಷದ ಕೆಲಸವನ್ನ ಪ್ರಕಟಿಸಿದರು. ಇನ್ನೊಂದು ದಾರಿ ಆಕಾಶ. ಮ್ಯಾಗ್ನೆಟಾರ್ ಅನ್ನೋ ಸತ್ತ ನಕ್ಷತ್ರಗಳ ಕ್ಷೇತ್ರ 1,000 ಕೋಟಿಯಿಂದ 10,000 ಕೋಟಿ ಟೆಸ್ಲಾವರೆಗೂ ಹೋಗತ್ತೆ. ಅಷ್ಟಿಲ್ಲದ, ಸುಮಾರು 400 ಬೆಳಕಿನ ವರ್ಷ ದೂರದ ಒಂದು ನ್ಯೂಟ್ರಾನ್ ನಕ್ಷತ್ರದ ಬೆಳಕನ್ನ ಚಿಲಿಯ ದೊಡ್ಡ ದೂರದರ್ಶಕದಲ್ಲಿ ನೋಡಿದವರು, ಅದು ಸುಮಾರು 16 ಪ್ರತಿಶತ ಒಂದೇ ದಿಕ್ಕಿಗೆ ವಾಲಿ ಕಂಪಿಸ್ತಿದೆ ಅಂತ 2016ರಲ್ಲಿ ಹೇಳಿದರು. ನಿರ್ವಾತದ ಆ ಗುಣ ಇಲ್ಲದೆ ಇದನ್ನ ವಿವರಿಸೋದು ಕಷ್ಟ ಅನ್ನೋದು ಅವರ ವಾದ. ಸುಳಿವು, ಪೂರ್ತಿ ಪುರಾವೆ ಅಲ್ಲ.

25 ವರ್ಷ ಅಂದಾಗ ನನಗೆ ಲೆಕ್ಕ ಬಂದಿದ್ದು ಬೇರೆ. ಅಪ್ಪ ಆ ಚೂರನ್ನ ಹೊತ್ತು ಓಡಾಡಿದ್ದು ಅದಕ್ಕಿಂತ ಹದಿಮೂರು ವರ್ಷ ಜಾಸ್ತಿ.

*

ಹೋದ ತಿಂಗಳು ಒಂದು ಭಾನುವಾರ ಇಬ್ಬರೂ ಬಂಗಾರಪೇಟೆಯಿಂದ ರೈಲು ಹತ್ತಿ ಚಾಂಪಿಯನ್‌ನಲ್ಲಿ ಇಳಿದೆವು. ಒಳಗೆ ಹೋಗೋ ಹಾಗಿಲ್ಲ. ಬೇಲಿಯ ಆಚೆ ತುಕ್ಕು ಹಿಡಿದ ಕಬ್ಬಿಣ, ಅದರಾಚೆ ಸಯನೈಡ್ ದಿಬ್ಬಗಳು. ಅಪ್ಪ ಬೇಲಿ ಹಿಡಿದು ನಿಂತರು. ಆ ಕೈಯನ್ನ ನೋಡ್ತಿದ್ದೆ, ನಡುಗತ್ತಾ ಅಂತ. ಗಮನ ಇಡಿ ಅಂದಿದ್ದರಲ್ಲ.

ಕೇಳಿದೆ. "ಆವಾಗ ಯಾಕೆ ಧರಣಿಗೆ ಹೋಗ್ಲಿಲ್ಲ ಅಪ್ಪ?"

ತುಂಬಾ ಹೊತ್ತು ಸುಮ್ಮನಿದ್ದರು. "ಹೋಗಿದ್ದೆ. ಮೂರು ದಿನ. ನಿಮ್ಮಮ್ಮಂಗೆ ಸೆಕೆಂಡ್ ಶಿಫ್ಟ್ ಅಂತ ಹೇಳಿ ಹೋಗಿದ್ದೆ. ನಾಲ್ಕನೇ ದಿನ ನಿನ್ನ ಸ್ಕೂಲ್ ಫೀಸ್ ಕಟ್ಬೇಕಿತ್ತು."

ಅದಕ್ಕೆ ಏನು ಹೇಳಬೇಕೋ ತಿಳೀಲಿಲ್ಲ. ನ್ಯೂಟ್ರಲ್ ಅಂದಿದ್ದು ನೆನಪಿದೆಯಾ ಅಂತ ಕೇಳಬೇಕು ಅನಿಸಿತು. ಕೇಳಲಿಲ್ಲ. ಕ್ಷಮೆ ಕೇಳೋಕೂ ಆಗಲಿಲ್ಲ, ನಮ್ಮ ಮನೆಯಲ್ಲಿ ಆ ಅಭ್ಯಾಸ ಇಲ್ಲ. ವಾಪಸು ಬಂದು ಬಂಗಾರಪೇಟೆ ಸ್ಟೇಷನ್ ಹತ್ರ ಒಂದು ಪ್ಲೇಟ್ ಪಾನಿಪೂರಿ ಹಂಚಿಕೊಂಡೆವು. ಅಪ್ಪ ಲೋಟದಲ್ಲಿ ಎಕ್ಸ್‌ಟ್ರಾ ಪಾನಿ ಈಸಿಕೊಂಡು, ಬಲಗೈಯಲ್ಲೇ ಹಿಡಿದು ಕುಡಿದರು. ಲೋಟ ಬೀಳಲಿಲ್ಲ.

ಮೊನ್ನೆ ಮತ್ತೆ ಚೆಕಪ್ ಇತ್ತು. ಹೊಸ ಜಾಗ, ಹೊಸ ಫಾರಂ, ಅದೇ ಪ್ರಶ್ನೆ. ಈ ಸಲ ಪೆನ್ನನ್ನ ಅಪ್ಪನ ಕೈಗೆ ಕೊಟ್ಟೆ. ನಿಧಾನಕ್ಕೆ, ದುಂಡಗೆ ಬರೆದರು: "ಇದೆ. ಎಡಗಣ್ಣು. 1985."